ಫಿನಾಯಿಲಕ್ಕನ ತರಕಾರಿ ಪಾತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲು ಕಿರ್ರೆನ್ನುತ್ತದೆ. ನೀಲಿ ಕೋಟು ತೊಟ್ಟ ಆಕೆ ಬಕೆಟ್ ಕೆಳಗಿಟ್ಟು, ಬೀನ್ಸ್ ಬಳ್ಳಿಯ ಎಲೆ ಸರಿಸಿ ಇಣುಕುತ್ತಾರೆ. "ಬಂದ್ಯಾ ರಾಜಾ!" ಎನ್ನುವುದು ಬೆರಳುದ್ದದ ಕಾಯಿಗೆ. ಆಮೇಲೆ, ಆಕೆಯ ಬಗ್ಗೆ ಬರೆಯಲೆಂದು ಬಂದ ನನ್ನ ಸರದಿ. "ನೀವೂ ಬಂದ್ರಾ? ನೋಡ್ಕೊಂಡು ಕಾಲಿಡಿ, ಅಲ್ಲಿ ಪಾಲಕ್ ಇದೆ."

ಇಡೀ ಆಸ್ಪತ್ರೆಗೆ ಈಕೆ ಫಿನಾಯಿಲಕ್ಕ. ಎರಡು ವಾರ್ಡು, ಒಂದು ಉದ್ದನೆಯ ಕಾರಿಡಾರು, ಮೂರು ಮಹಡಿಯ ಮೆಟ್ಟಿಲು ದಿನಕ್ಕೆರಡು ಸಲ ಈಕೆಯ ಕೈಯಲ್ಲಿ ಫಳಫಳ ಹೊಳೆಯಬೇಕು. ಗಂಡ ತೀರಿಕೊಂಡ ವರ್ಷ ಪೊರಕೆ ಹಿಡಿದವರು ಮಗಳನ್ನು ಓದಿಸಿ ದಡ ಸೇರಿಸಿದ್ದಾರೆ, ಅತ್ತೆಯನ್ನು ಸಾಕುತ್ತಿದ್ದಾರೆ. ತರಕಾರಿ ಬೆಳೆದ ಅನುಭವ ಮಾತ್ರ ಸೊನ್ನೆ.

ಆದರೂ ಅಡುಗೆಮನೆಯ ಹಿಂದಿನ ಖಾಲಿ ಜಾಗಕ್ಕೆ ಸಿಮೆಂಟು ಹಾಕಿ ಸ್ಕೂಟರ್ ನಿಲ್ಲಿಸುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆಕೆ ದೊಡ್ಡ ಡಾಕ್ಟರ ಬಾಗಿಲಲ್ಲಿ ಹಾಜರು. "ರೋಗಿಗಳ ತಟ್ಟೆ ಎತ್ತೋಳು ನಾನು. ಬಾಡಿದ ತರಕಾರಿ ಅರ್ಧಕ್ಕರ್ಧ ಹಂಗೇ ವಾಪಸ್ ಬರುತ್ತೆ, ಹೊಟ್ಟೆ ಉರಿಯುತ್ತೆ. ಆ ಜಾಗ ನನಗೆ ಕೊಡಿ ಅಂದೆ." ಡಾಕ್ಟರು ನಕ್ಕರಂತೆ. "ಮಳೆಗಾಲದೊಳಗೆ ಎರಡೂ ವಾರ್ಡಿಗೆ ಒಂದು ಹೊತ್ತಿಗಾಗೋಷ್ಟು ಬೆಳೆದು ತೋರಿಸಮ್ಮ. ಇಲ್ಲಾಂದ್ರೆ ಸಿಮೆಂಟೇ."

ಮೊದಲ ಸಲ ಬಿತ್ತಿದ್ದೆಲ್ಲ ಮಣ್ಣುಪಾಲು. ತಪ್ಪು ಬೇರೆ ಯಾರೂ ಮಾಡುವಂಥದ್ದಲ್ಲ. ದಿನಾ ಪಾತಿ ಗುಡಿಸುತ್ತಿದ್ದರು. ಒಣಗಿದ ಎಲೆ ಒಂದೂ ಉಳಿಯದಂತೆ ಹೆಕ್ಕುತ್ತಿದ್ದರು, ಎರೆಹುಳು ಆರಿಸಿ ಗೋಡೆಯಾಚೆ ಎಸೆಯುತ್ತಿದ್ದರು. ಸಾಲದ್ದಕ್ಕೆ ಸುತ್ತ ಫಿನಾಯಿಲ್ ನೀರು! "ನೆಲ ಅಂದ್ಮೇಲೆ ಕ್ಲೀನಾಗಿರಬೇಕಲ್ವಾ?" ಸಸಿಗಳು ಸುಟ್ಟಂತೆ ಮುದುಡಿದವು. "ಇನ್ನು ಬ್ಯಾಂಡೇಜ್ ಒಂದು ಸುತ್ತಿಬಿಡು," ಎಂದು ಅಡುಗೆಯವನು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಆಕೆ ಅವತ್ತು ಊಟ ಮಾಡಲಿಲ್ಲ.

ಮರುದಿನ ಅತ್ತೆ ಬಂದು ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಹುಚ್ಚೀ, ಇದು ನಿನ್ನ ವಾರ್ಡಾ? ಆ ಹುಳಾನೇ ಕಣೇ ನಿನಗೆ ಆಳು. ಕಸ ಇರಲಿ ಬಿಡು."

ವಾಸನೆ ಹಿಡಿದ ಮಣ್ಣನ್ನು ಆಕೆ ಅಗೆದು ಹೊರಹಾಕಿದರು. ಹೊಸ ಮಣ್ಣು ತುಂಬಿ, ಅಡುಗೆಮನೆಯ ಸಿಪ್ಪೆ ಕೊಳೆಸಿ ಬೆರೆಸಿ, ಮೇಲೆ ಒಣಎಲೆ ಹೊದಿಸಿದರು. ಕಷ್ಟವಾಗಿದ್ದು ಅಗೆತವಲ್ಲ. "ಕಸ ಕಂಡ್ರೂ ಸುಮ್ನಿರೋದು! ಕೈ ತುರಿಸೋದು. ಕೈ ಕಟ್ಕೊಂಡು ನಿಂತಿರ್ತಿದ್ದೆ."

ಇವತ್ತು ಕೊಯ್ಲು. ಗೋಡೆಯ ಬದಿಗೆ ಸಿಮೆಂಟಿನ ಮೂಟೆಗಳು ಬಂದು ಕೂತಿವೆ, ಆಕಾಶದಲ್ಲಿ ಮೋಡ. ಆಕೆ ತುಟಿ ಬಿಗಿಹಿಡಿದು ಕೀಳುತ್ತಲೇ ಇದ್ದಾರೆ. ಬೀನ್ಸಿಗೆ ಒಂದು ಬುಟ್ಟಿ ಸಾಲದೆ ಅಡುಗೆಯವನೇ ಇನ್ನೊಂದು ತರುತ್ತಾನೆ. ಈ ಸಲ ನಗುವುದಿಲ್ಲ. "ಸಾಕು ಅಕ್ಕ, ಪಾತ್ರೇಲಿ ಹಿಡಿಸಲ್ಲ," ಎನ್ನುತ್ತಾನೆ.

ಮಧ್ಯಾಹ್ನ ವಾರ್ಡುಗಳಿಂದ ಬಂದ ತಟ್ಟೆಗಳು ಖಾಲಿ. ದೊಡ್ಡ ಡಾಕ್ಟರು ತಾವೂ ಎರಡನೇ ಸಲ ಬಡಿಸಿಕೊಂಡು, ಹೊರಗೆ ಬಂದು ಗಾರೆಯವನಿಗೆ ಹೇಳುತ್ತಾರೆ: "ಮೂಟೆ ಎತ್ತಪ್ಪ. ಸ್ಕೂಟರ್ ರಸ್ತೆಯಲ್ಲೇ ನಿಲ್ಲಲಿ." ದಾದಿಯರು ಕಿಟಕಿಯಿಂದ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ.

ಫಿನಾಯಿಲಕ್ಕ ಪಾತಿಯ ಅಂಚಿನಲ್ಲಿ ಕೂತು ಮಣ್ಣಾದ ಕೈ ನೋಡಿಕೊಳ್ಳುತ್ತಾರೆ. "ಗುಡಿಸೋ ಕೆಲಸ ಚೆನ್ನಾಗಿ ಮಾಡಿದ್ರೆ ಅಲ್ಲಿ ಏನೂ ಕಾಣಬಾರದು. ಇಷ್ಟು ವರ್ಷ ಹಂಗೇ ಮಾಡ್ಕೊಂಡು ಬಂದೆ. ಇವತ್ತು ನೋಡಿ, ನಾನು ಮಾಡಿದ್ದು ಎಲ್ಲರಿಗೂ ಕಾಣ್ತಾ ಇದೆ."