ಬೌಕ್ಯೆಯ ದಪ್ಪ ಅಕ್ಷರಗಳು

ಬೆಳಗಿನ ಕಾಫಿಗೂ ಮೊದಲು ಬೌಕ್ಯೆ ಹಳೆಯ ಪತ್ರಿಕೆಯೊಂದನ್ನು ಹಾಸಿ, ಅಗಲ ಕುಂಚದಿಂದ ಹತ್ತು ದಪ್ಪ ಗೆರೆ ಎಳೆಯುತ್ತಾಳೆ. ಜ್ವರ ಬಂದ ದಿನವೂ ತಪ್ಪಿಸಿಲ್ಲ, ಗಂಡನನ್ನು ಮಣ್ಣು ಮಾಡಿದ ದಿನವೂ ತಪ್ಪಿಸಿಲ್ಲ. ನಾನು ಅವಳ ಪಕ್ಕದ ಮನೆಯವಳು. ಚರ್ಚಿನಲ್ಲಿ ಮೂವತ್ತು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂರುತ್ತೇವೆ.

ನಮ್ಮ ಫ್ರಿಸ್ಲ್ಯಾಂಡಿನ ಈ ಊರಲ್ಲಿ ಶುಕ್ರವಾರದ ಸಂತೆಯ ಬೆಲೆಹಲಗೆಗಳೆಲ್ಲ ಅವಳ ಕೈಯವೇ. ಹೊಟ್ಟೆ ಉಬ್ಬಿದ, ಒಂದರ ಹೆಗಲಿಗೊಂದು ಒರಗಿದ ಅಕ್ಷರಗಳು. ಮೀನಿನ ಹಲಗೆಯಲ್ಲಿ ನಗುವಂತಿರುತ್ತವೆ, ಚೀಸಿನದರಲ್ಲಿ ತೂಕಡಿಸುವಂತೆ. ಏನು ಬರೆದಿದೆ ಎಂದು ಓದುವ ಮೊದಲೇ ಸಂತೆಯವರು ಕೈ ಗುರುತಿಸುತ್ತಾರೆ. ಈ ಸಲ ಅದೇ ಅವಳಿಗೆ ಮುಳುವಾಯಿತು.

ಏಪ್ರಿಲ್‌ನಲ್ಲಿ ಕಾಲುವೆಯ ಸೇತುವೆಯ ಮೇಲೆ ಪುರಸಭೆಯವರು ಒಂದು ಭಿತ್ತಿಪತ್ರ ಹಚ್ಚಿದರು. ಸಂತೆಯನ್ನು ಊರಾಚೆ, ಕಾರು ನಿಲ್ಲಿಸುವ ಬಯಲಿಗೆ ಕಳಿಸುತ್ತಾರಂತೆ. ಬರೆದದ್ದು ಅದೇ ನಗುವ ಅಕ್ಷರಗಳಲ್ಲಿ.

ಮೀನು ಮಾರುವ ಗೇರ್ತ್ಯೆ ತನ್ನ ಹಲಗೆಯನ್ನು ತಂದು ಬೌಕ್ಯೆಯ ಬಾಗಿಲಿಗೆ ಒರಗಿಸಿದಳು.

"ತಗೋ. ನಮ್ಮನ್ನ ಓಡ್ಸೋಕೆ ಎಷ್ಟು ಚೆನ್ನಾಗಿ ಬರ್ದಿದ್ದೀಯ. ಕೈ ನಡುಗ್ಲೇ ಇಲ್ವೇನೇ?"

"ನಾನ್ ಬರ್ದಿಲ್ಲ."

"ಹಂಗಾದ್ರೆ ನಿನ್ನ ಕೈ ನಿನ್ನನ್ನ ಮನೇಲಿ ಬಿಟ್ಟು ಅದೊಂದೇ ಪುರಸಭೆಗೆ ಹೋಗಿತ್ತಾ?"

ಆ ವಾರ ಇನ್ನೂ ಆರು ಹಲಗೆ ವಾಪಸು ಬಂದವು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗೇರ್ತ್ಯೆ ಅವಳ ಕೈ ಕುಲುಕಲಿಲ್ಲ. ಬೌಕ್ಯೆಯ ಕತ್ತು ಕೆಂಪೇರಿತು. ಗೇರ್ತ್ಯೆಯ ತೋಳು ಹಿಡಿದು ಸೇತುವೆಯವರೆಗೂ ಎಳೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ.

"ನೋಡು. ಒಂದೇ ಸಾಲಲ್ಲಿ ನಾಕು ದುಂಡು ಅಕ್ಷರ. ನಾಕಕ್ಕೂ ಅಳತೆ ಮಾಡಿ ಇಟ್ಟ ಹಂಗೆ ಒಂದೇ ಹೊಟ್ಟೆ. ನಲವತ್ತು ವರ್ಷದಲ್ಲಿ ನಾನು ಒಂದು ಹಲಗೇಲಿ ಎರಡು ದುಂಡು ಒಂದೇ ಥರ ಬರ್ದಿದ್ದೀನಾ? ಬರ್ದಿದ್ರೆ ಹೇಳು."

ಗೇರ್ತ್ಯೆ ನಾಲ್ಕರ ಮೇಲೂ ಬೆರಳಾಡಿಸಿದಳು.

"ಇದು ಮಿಷಿನ್ನಿಂದು," ಎಂದಳು. "ನನ್ನ ಕಣ್ಣಿಗೆ ಮೀನಿನ ಪೊರೆ ಕಟ್ಟಿತ್ತು, ಬೌಕ್ಯೆ."

ಮರುದಿನ ಪುರಸಭೆಯಲ್ಲಿ ಜಗಳ ಮಾಡಿ ಬೌಕ್ಯೆ ಒಂದು ಹೆಸರು ತಂದಳು: ಯೆಲ್ಮರ್. ಎರಡು ಬೇಸಿಗೆ ಸಂತೆಯಲ್ಲಿ ಅಲೆದು, ಅವಳ ಹಲಗೆಗಳ ಫೋಟೊ ತೆಗೆದು, ಅವುಗಳಿಂದ ಕಂಪ್ಯೂಟರಿನ ಫಾಂಟ್ ಮಾಡಿ ಮಾರಿದ್ದವನು. ಸುದ್ದಿ ತಿಳಿದು ಅವನೇ ಬಂದ. ಅವಳು ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. ನಾನೂ ಅವಳ ಪಕ್ಕದಲ್ಲಿದ್ದೆ.

"ಗೌರವದಿಂದಾನೇ ಮಾಡಿದ್ದು ಮೇಡಂ."

"ಗೌರವ ಇರೋನು ಬಾಗ್ಲು ತಟ್ಟಿ ಕೇಳ್ತಾನೆ. ನನ್ನ ಅಕ್ಷರ ಹಾಕ್ಕೊಂಡು ನನ್ನ ಜನಕ್ಕೇ ಹೊರಗೆ ಹೋಗಿ ಅಂದ್ರು. ಅದೂ ನಗ್ತಾ."

ಅವನು ತನ್ನ ಬೂಟು ನೋಡಿಕೊಂಡ. "ಅವರು ಅದಕ್ಕೆ ಬಳಸ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಫಾಂಟಿಗೆ ನಿಮ್ಮ ಹೆಸರೇ ಇಡ್ತೀನಿ. ಎಲ್ಲಾ ದೇಶದಲ್ಲೂ ನಿಮ್ಮ ಹೆಸರು ಓಡಾಡುತ್ತೆ."

ಅವನನ್ನು ಕ್ಷಮಿಸಿಬಿಡು ಎಂದು ಅವಳಿಗೆ ಹೇಳಲು ನಾನು ಬಾಯಿ ತೆರೆದೆ. ಆದರೆ ನನಗೂ ಅಷ್ಟೇ ಸಿಟ್ಟಿತ್ತು.

"ಬೇಡ," ಎಂದಳು ಬೌಕ್ಯೆ. "ನಾಳೆ ಅದ್ರಲ್ಲಿ ಇನ್ಯಾರನ್ನ ಓಡಿಸ್ತಾರೋ. ಅದಕ್ಕೆ ನನ್ನ ಹೆಸರು ಬೇಡ. ನೀನು ಹೊರಡು."