ಮೊರದೊಳಗಿನ ಕುದುರೆ

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿದ್ದೇನೆ. ಆದರೆ ಮೊನ್ನೆ ಚಳ್ಳಕೆರೆಯ ಸಂತೆಯಲ್ಲಿ ಗೌರಿ ಹಬ್ಬಕ್ಕೆಂದು ಅರಿಶಿನ ಬಳಿದ ಮೊರಗಳನ್ನು ಪೇರಿಸಿಟ್ಟಿದ್ದರು. ಆ ಹಸಿ ಬಿದಿರಿನ ವಾಸನೆ ಮೂಗಿಗೆ ಬಿದ್ದ ಮೇಲೆ ತಪ್ಪಿಸಿಕೊಳ್ಳಲಾಗಲಿಲ್ಲ.

ಮೊಳಕಾಲ್ಮೂರಿನ ತಿಪ್ಪೇಸ್ವಾಮಿ ಹೈಸ್ಕೂಲಿನಿಂದಲೂ ನನ್ನ ಗೆಳೆಯ. ರೇಷ್ಮೆ ಸೀರೆ ನೇಯುತ್ತಾನೆ. ಅಂಚಿನ ಚಿತ್ರಗಳನ್ನು ಚೌಕುಳಿ ಹಾಳೆಯ ಮೇಲೆ ತಾನೇ ಬರೆಯುತ್ತಾನೆ. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕೆಲಸ ಬಿಟ್ಟ ಮೇಲೆ ಇಬ್ಬರಿಗೂ ಒಂದು ಹುಚ್ಚು ಹಿಡಿಯಿತು. ಶಾಲೆಯಲ್ಲಿ ಓದಿದ್ದ ಟ್ರಾಯ್ ಯುದ್ಧವನ್ನು ಪಗಡೆಯಂತೆ ಕೂತು ಆಡುವ ಆಟವಾಗಿ ಕಟ್ಟಬೇಕು! ಏಕೆ ಎಂದು ಕೇಳಬೇಡಿ. ಊಟವಾದ ಮೇಲೆ ನಿದ್ದೆ ಬಾರದ ಮುದುಕರು ಯುದ್ಧಕ್ಕೆ ಕಾರಣ ಹುಡುಕುವುದಿಲ್ಲ.

ಆಟದ ಪಟ ಬರೆದವನು ಅವನು. ಕೋಟೆಗೋಡೆಯ ತುಂಬ ನವಿಲು, ಮಾವಿನಕಾಯಿ.

"ಲೇ, ಗ್ರೀಕರು ಮುತ್ತಿಗೆ ಹಾಕಾಕೆ ಬಂದಾರೋ, ಮದುವೆ ಜವಳಿ ತೆಗೆಯಾಕೆ ಬಂದಾರೋ?" ಎಂದೆ.

"ಖಾಲಿ ಬಿಡಾಕೆ ಕೈ ಕೇಳಲ್ಲ ಕಣಲೇ," ಎಂದ.

ಟ್ರಾಯ್ ಅವನದು, ಸೈನ್ಯ ಹುಣಸೆಬೀಜ. ಗ್ರೀಕರು ನನ್ನವರು, ಕಡಲೆಕಾಯಿ. ಇದು ನನ್ನ ತಂತ್ರದ ದೊಡ್ಡ ತಪ್ಪು. ಅವನ ಸೈನ್ಯ ಇದ್ದಷ್ಟೇ ಇರುತ್ತಿತ್ತು. ನನ್ನ ವೀರರನ್ನು ಯೋಚನೆಯ ಭರದಲ್ಲಿ ನಾನೇ ಸುಲಿದು ತಿನ್ನುತ್ತಿದ್ದೆ.

ಅದಕ್ಕಿಂತ ದೊಡ್ಡ ತೊಡಕು ಕುದುರೆಯದು. ಗ್ರೀಕರು ಮರದ ಕುದುರೆಯ ಹೊಟ್ಟೆಯಲ್ಲಿ ಅಡಗಿ ಕೋಟೆ ಹೊಕ್ಕರೆಂಬುದು ನಿಮಗೂ ಗೊತ್ತು, ತಿಪ್ಪೇಸ್ವಾಮಿಗೂ ಗೊತ್ತು. ನಾನು ಕುದುರೆ ತಂದು ನಿಲ್ಲಿಸಿದಾಗಲೆಲ್ಲ "ಅಲ್ಲೇ ಮೇಯ್ಲಿ ಬಿಡು" ಎನ್ನುತ್ತಿದ್ದ. ಯುದ್ಧ ಮುಗಿಯುವಂತೆಯೇ ಇರಲಿಲ್ಲ. ಕೊನೆಗೆ ಅವನೇ ಹೊಸ ನಿಯಮ ಮಾಡಿದ. "ಪಟ ಅತ್ಲಾಗಿರ್ಲಿ. ನಮ್ಮನೆ ಹೊಸ್ತಿಲೇ ಕೋಟೆ ಬಾಗ್ಲು. ಕುದುರೇನ ನಾವಾಗೇ ಒಳಗೆ ತಗಂಡ್ರೆ ನೀ ಗೆದ್ದಂಗೆ."

ಅವನ ಹೆಂಡತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳಲ್ಲಿ ಇನ್ನೂ ಕ್ಷಮೆ ಕೇಳದ ನನಗೆ ಅಷ್ಟು ಸಲಿಗೆಯಿಲ್ಲ. ಒಡಹುಟ್ಟಿದವರಿಲ್ಲದ ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಗೌರಿ ಹಬ್ಬದಲ್ಲಿ ಓಣಿಯ ಹೆಂಗಸರಿಗೆಲ್ಲ ತವರಿನ ಬಾಗಿನ ಬಂದರೆ, ಅವಳು ಅಡುಗೆಮನೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಒಂದು ಮೊರ, ಅದರ ಮೇಲೆ ಮುಚ್ಚಿದ ಇನ್ನೊಂದು ಮೊರ. ತವರಿನದೆಂದರೆ ತೆರೆದು ನೋಡದೆ ಒಳಗೆ ಒಯ್ಯುತ್ತಾರೆ. ನನಗೆ ಹೊಳೆದದ್ದು ಇಷ್ಟೇ. ಹಬ್ಬದ ದಿನ ಬಾಗಿನ ಹಿಡಿದು ಅವರ ಹೊಸ್ತಿಲಲ್ಲಿ ನಿಂತೆ.

"ನಂಗಾ, ಅಣ್ಣ?" ಎಂದಳು. ಕೈ ಒರೆಸಿಕೊಂಡವಳು ಮತ್ತೆ ಒರೆಸಿಕೊಂಡು, ಸೆರಗೊಡ್ಡಿ ತೆಗೆದುಕೊಂಡು ಗೌರಿಯ ಮುಂದಿಟ್ಟಳು. ಪಕ್ಕದ ಮನೆಯವರನ್ನೂ ಕರೆದಳು. ನಾನು ಮೇಲಿನ ಮೊರ ಎತ್ತಿದೆ. ಅಕ್ಕಿ, ಬಳೆಗಳ ನಡುವೆ ರಟ್ಟಿನ ಕುದುರೆ. ಹೊಟ್ಟೆ ಹರಿದೆ. ಕಡಲೆಕಾಯಿ ಗೌರಿಯ ಪಾದದವರೆಗೂ ಉರುಳಿದವು. "ಕೋಟೆ ಬಿತ್ತು ಕಣಲೇ!" ಎಂದು ಪಂಚೆ ಎತ್ತಿಕಟ್ಟಿ ಕುಣಿದೆ.

ಯಾರೂ ನಗಲಿಲ್ಲ.

"ಹಂಗಾರೆ ಇದು ನಂಗಲ್ಲ," ಎನ್ನುತ್ತ ಅವಳು ಕಡಲೆಕಾಯಿ ಆರಿಸಿ ನನ್ನ ಬೊಗಸೆಗೆ ಹಾಕತೊಡಗಿದಳು. ತಿಪ್ಪೇಸ್ವಾಮಿ ಪಟ ಮಡಚಿದ. "ಗೆದ್ದೀಯ. ಬಸ್ಸಿಗೆ ಹೊತ್ತಾತು, ನಡಿ."

ಆಮೇಲೆ ಎಷ್ಟೋ ಗೌರಿ ಹಬ್ಬಗಳು ಹೋದವು. ಈ ಸಲ ಮೊರ ಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ "ತಪ್ಪಾತಮ್ಮ" ಎಂದು ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವನು ಎದ್ದು ಬೇರೆ ಸೀಟಿಗೆ ಹೋದ. ಅವಳು ಬಾಗಿಲಿಗೆ ಬಂದಾಗ ನನ್ನ ಬಾಯಿಂದ ಹೊರಟದ್ದು, "ಬಸ್ಸು ಬಾಳ ರಷ್ಷಿತ್ತು."

"ತಗುದು ತೋರ್ಸು," ಎಂದಳು.

ಹೊಸ್ತಿಲ ಹೊರಗೆ ಕೂತು ಅಕ್ಕಿ, ಬಳೆ, ಕುಪ್ಪಸದ ಬಟ್ಟೆ ಎಲ್ಲವನ್ನೂ ಬಿಡಿಸಿಟ್ಟೆ. ಅವಳು ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು.

"ಇದ್ರಾಗೆ ಎಷ್ಟು ಜನ ಅದಾರೆ?"

"ಯಾರೂ ಇಲ್ಲಮ್ಮ. ನೀರು."

ಒಳಗೆ ಮಗ್ಗದ ಸದ್ದು ನಿಂತಿತು. "ಮೊರ ಬೇಕಾರೆ ತಗ, ಅವನ್ನ ಮಾತ್ರ ಒಳಗೆ ಬಿಡಬ್ಯಾಡ!" ಎಂದು ತಿಪ್ಪೇಸ್ವಾಮಿ ಕೂಗಿದ.

ಅವಳು ಸೆರಗೊಡ್ಡಿದಳು. ನಾನು ಜಗಲಿಯಲ್ಲೇ ಕೂತೆ. ಗ್ರೀಕರು ಹತ್ತು ವರ್ಷ ಕೋಟೆಯ ಹೊರಗೆ ಕೂತಿದ್ದರಂತೆ. ಅವರಿಗೆ ಯಾರಾದರೂ ಟೀ ಕೊಟ್ಟರೆಂದು ನಾನು ಓದಿಲ್ಲ. ನನಗೆ ಬಂತು. ಲೋಟ ತೆಗೆದುಕೊಳ್ಳಲು ಅವಳು ಬಂದಾಗ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಟೀ ಚೆನ್ನಾಗಿತ್ತು," ಎಂದೆ.

ಅವಳು ಲೋಟ ಹಿಡಿದು ನನ್ನನ್ನೇ ನೋಡಿದಳು.

"ಬರೋ ವರ್ಷ ಮೊರ ಮುಚ್ಚೇ ತಗಂಬಾ, ಅಣ್ಣ."