ಹಾಲಮ್ಮನಿಗೆ ನಾನು ಕಲಿಸಿದ ದನಿ

ನನಗೆ ಗೊತ್ತಿತ್ತು, ಹಾಲಮ್ಮ. ರೇಡಿಯೋ ನಾಟಕಕ್ಕೆ ಎಂಥ ದನಿ ಬೇಕು ಎಂಬುದು ನನಗೆ ಗೊತ್ತಿತ್ತು. ಆ ದನಿ ನಿನ್ನ ಗಂಟಲಲ್ಲಿ ಆಗಲೇ ಇತ್ತು ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಬಿಡಿಸಿ, ನನ್ನ ದನಿಯನ್ನು ನಿನ್ನೊಳಗೆ ತುರುಕಿದೆ. ನೀನು ಧ್ವನಿಪರೀಕ್ಷೆಯಲ್ಲಿ ಸೋತು ಬಂದು ಕೇಳಿದಾಗ, ತಪ್ಪು ನಿನ್ನದೇ ಎಂದೆ. ಹತ್ತು ಹನ್ನೆರಡು ವರ್ಷ ಇದನ್ನು ನುಂಗಿಕೊಂಡು ಓಡಾಡಿದ್ದೇನೆ. ನಾಳೆ ಜಗಳೂರಿಗೆ ಬಂದು ನಿನ್ನೆದುರು ನಿಂತು ಹೇಳಬೇಕೆಂದಿದ್ದೇನೆ. ಆದರೆ ಊರೂರಿಗೆ ಮಾತು ಕಲಿಸಿದ ಈ ಬಾಯಿ ಅಲ್ಲಿ ಕೈಕೊಟ್ಟರೂ ಕೊಟ್ಟೀತು. ಅದಕ್ಕೇ ಮೊದಲು ಇಲ್ಲಿ ಒಂದು ಸಲ ಹೇಳಿ ನೋಡುತ್ತಿದ್ದೇನೆ — ನಾಟಕದವನಲ್ಲವೇ, ತಾಲೀಮಿಲ್ಲದೆ ಯಾವುದೂ ಆಗುವುದಿಲ್ಲ.

ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ನನಗೇ ಒಮ್ಮೆ ನೆನಪಿಸಿಕೊಳ್ಳಬೇಕಾಗಿದೆ. ಸಂತೇಬೆನ್ನೂರಿನ ನಾಟಕದ ಮೇಷ್ಟ್ರು. ಸುಗ್ಗಿ ಮುಗಿಯಿತೆಂದರೆ ಹೊನ್ನಾಳಿ ಕಡೆಯಿಂದ, ನ್ಯಾಮತಿ, ಗೋವಿನಕೋವಿಯಿಂದ ಹುಡುಗರು ಬಂದು ಹಾರ್ಮೋನಿಯಂ ಸಮೇತ ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದರು. ಮೂರು ತಿಂಗಳು ಅವರ ಮನೆಗಳಲ್ಲಿ ಉಂಡು, ಅವರ ಹೆಂಗಸರ ಅಡುಗೆಯಲ್ಲಿ ಉಪ್ಪು ಹುಳಿ ನೋಡಿ, ರಾಜ ಮಂತ್ರಿ ಸೇನಾಧಿಪತಿಗಳನ್ನು ತಯಾರು ಮಾಡಿ ಬರುತ್ತಿದ್ದೆ. ಆಗ ಮೈಕು ಎಲ್ಲಿಯದು? ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಅಜ್ಜನಿಗೂ ಮಾತು ಕೇಳಬೇಕು. ನನ್ನ ವಿದ್ಯೆಯೆಲ್ಲ ಅಷ್ಟೇ. ಹೊಟ್ಟೆಯಿಂದ ಗಾಳಿ ತೆಗೆದು, ಎದೆಯಲ್ಲಿ ತುಂಬಿ, ಹಿಂದಿನ ಸಾಲಿಗೆ ಎಸೆಯುವುದು.

ಅದಕ್ಕೊಂದು ಪರೀಕ್ಷೆಯನ್ನೂ ಇಟ್ಟಿದ್ದೆ. ನನ್ನ ಹೆಸರು ನಡೆದದ್ದೇ ಆ ಪರೀಕ್ಷೆಯಿಂದ. ಮಾತು ಪೂರ್ತಿ ಬಾಯಿಪಾಠವಾದ ಮೇಲೆ ಹುಡುಗರನ್ನು ಸೂಳೆಕೆರೆಗೆ ಕರೆತಂದು, ಏರಿಯ ಈ ತುದಿಯಲ್ಲಿ ನಿಲ್ಲಿಸಿ, ನಾನು ಆ ತುದಿಗೆ ಹೋಗುತ್ತಿದ್ದೆ. ಮಾತು ಅಕ್ಷರ ಅಕ್ಷರವಾಗಿ ಕೇಳಿಸಿದರೆ ಹೆಗಲ ಮೇಲಿನ ಟವೆಲ್ಲು ಎತ್ತುವುದು. ಕೇಳಿಸದಿದ್ದರೆ ಮತ್ತೆ ಮೊದಲಿಂದ. ಬಲೆ ಬಿಡಿಸುತ್ತಿದ್ದ ಮೀನಿನವರು, "ಮೇಷ್ಟ್ರೇ, ನಿಮ್ಮ ರಾಜರ ಗದ್ಲಕ್ಕೆ ಮೀನೆಲ್ಲ ಆ ದಡ ಸೇರ್ತಾವೆ ಕಣ್ರೀ" ಎಂದು ಬಯ್ಯುವರು. ಟವೆಲ್ಲು ಎತ್ತಿಸಿಕೊಂಡವನು ಊರಿಗೆ ಮೀಸೆ ತಿರುವಿಕೊಂಡು ಹೋಗುವನು.

ಆಮೇಲೆ ರೇಡಿಯೋ ಬಂತು. ಬಂದದ್ದು ಮುಂಚೆಯೇ, ಆದರೆ ಹೋಟೆಲು, ಸಲೂನು, ಎತ್ತಿನಗಾಡಿ ಎಲ್ಲದರಲ್ಲೂ ಅದು ಮಾತಾಡತೊಡಗಿದ್ದು ಎಪ್ಪತ್ತರ ದಶಕದಲ್ಲಿ. ರೇಡಿಯೋ ನಾಟಕದ ಹೊತ್ತಿಗೆ ಜನ ಹೋಟೆಲಿನ ಮುಂದೆ ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ನನ್ನ ನಾಟಕಕ್ಕೆ ಯಾರೂ ಹಾಗೆ ಬಾಯಿ ಮುಚ್ಚಿದ್ದಿಲ್ಲ. ಹುಡುಗರು ಬಂದು, "ರೇಡಿಯೋದಾಗೆ ಮಾತಾಡಾಕೆ ಕಲಿಸ್ತೀರಾ ಮೇಷ್ಟ್ರೇ?" ಎಂದು ಕೇಳತೊಡಗಿದರು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಒಂದು ದಿನ ಸದ್ದಿಲ್ಲದೆ ಬಸ್ಸು ಹತ್ತಿ, ನಾನೇ ರೇಡಿಯೋ ಕೇಂದ್ರದ ಧ್ವನಿಪರೀಕ್ಷೆಗೆ ಹೋದೆ.

ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ಒಂದು ಕೋಣೆ, ನೆಲಕ್ಕೆ ಜಮಖಾನ, ಗಾಜಿನ ಆಚೆ ಒಬ್ಬ ಹುಡುಗ. ನಾನು ಬಾಯಿ ತೆರೆದೆ — ಆ ಹುಡುಗ ಕಿವಿಯಲ್ಲಿದ್ದುದನ್ನು ಕಿತ್ತು ಬಿಸಾಡಿದ. ಎದ್ದು ಬಂದು, "ಸ್ವಲ್ಪ ಹಿಂದಕ್ಕೆ ನಿಲ್ಲಿ ಯಜಮಾನ್ರೇ" ಎಂದ. ನಿಂತೆ. ಇನ್ನೂ ಸ್ವಲ್ಪ. ಇನ್ನೂ. ಕೊನೆಗೆ ಬೆನ್ನು ಬಾಗಿಲಿಗೆ ತಾಗಿತು. ಪಾಪ, ಒಳ್ಳೆಯ ಹುಡುಗ. ಪಕ್ಕಕ್ಕೆ ಕರೆದು, ಅಣ್ಣನಿಗೆ ಹೇಳುವ ಹಾಗೆ ಹೇಳಿದ — ಕೇಳುವವರು ಈಗ ಮೈಕಿನ ಪಕ್ಕದಲ್ಲೇ ಇದ್ದಾರೆ, ಒಬ್ಬರಿಗೆ ಹೇಳುವ ಹಾಗೆ ಹೇಳಬೇಕು, ಉಸಿರೂ ಕೇಳಿಸುತ್ತದೆ, ಆಗಾಗ ಬನ್ನಿ, ಹೇಗೆ ಮಾಡುತ್ತೇವೆಂದು ಕೂತು ನೋಡಿ, ತಿಳಿಯುತ್ತದೆ. ಎಷ್ಟು ಸುಲಭವಾಗಿ ಹೇಳಿದ! ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ.

ಊರಿಗೆ ಬಂದು, "ಅಲ್ಲಿ ನಮ್ಮನ್ನ ಬಾಳ ಮರ್ಯಾದೆಯಿಂದ ನೋಡ್ಕೊಂಡ್ರು, ತಿಂಗ್ಳಿಗೊಮ್ಮೆ ಬರಾಕೆ ಹೇಳ್ಯಾರೆ" ಎಂದೆ. ಅಲ್ಲಿಂದ ಶುರುವಾಯಿತು ನೋಡು. ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, "ರೇಡಿಯೋದಾಗೆ ಹೊಸದೇನು ನಡದೈತೆ ನೋಡ್ಕೊಂಡು ಬರ್ತೀನಿ" ಎಂದು ಬಸ್ಸು ಹತ್ತುವುದು. ರೇಡಿಯೋ ಕೇಂದ್ರದವರೆಗೆ ಹೋಗದೆ ನಡುವೆ ಚನ್ನಗಿರಿಯಲ್ಲೇ ಇಳಿಯುವುದು. ಬಸ್‌ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಚಹಾದ ಮೇಲೆ ಚಹಾ ಕುಡಿದು, ಸಂಜೆ ಬಸ್ಸಿಗೆ ವಾಪಸ್. ಇಳಿದ ಕೂಡಲೇ ಹುಡುಗರು ಮುತ್ತಿಕೊಂಡು, "ಈಗೇನು ಹೊಸದು ಮೇಷ್ಟ್ರೇ?" ಎನ್ನುವರು. "ಈಗ ಇನ್ನೂ ಗಟ್ಟಿ ದನಿ ಕೇಳ್ತಾರೆ ಕಣ್ರಪ್ಪ" ಎನ್ನುವೆ. ನಗಬೇಡ. ನಕ್ಕರೂ ಸರಿಯೇ — ಆ ಹೋಟೆಲಿನವನೇ ನನ್ನನ್ನು ಯಾವುದೋ ಕೋರ್ಟು ಕೇಸಿಗೆ ಅಲೆಯುವ ಪಾರ್ಟಿ ಎಂದುಕೊಂಡು ಮರುಕದಿಂದ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಿದ್ದ.

ಹೀಗಿರುವಾಗ ನೀನು ಬಂದೆ. ಕೆರೆಯ ಪಕ್ಕದ ಹಳ್ಳಿಯ ಶಾಲೆಗೆ ಹೊಸದಾಗಿ ಟೀಚರಾಗಿದ್ದೆ. ಚಿಕ್ಕಂದಿನಿಂದ ನಾಟಕದ ಹುಚ್ಚು. ಮನೆಯಲ್ಲಿ ಆ ಮಾತೆತ್ತಿದರೆ ಪೊರಕೆ. ರೇಡಿಯೋದಲ್ಲಿ ದನಿ ಬೇಕಾಗಿದೆಯೆಂದು ಯಾರೋ ಹೇಳಿದ್ದೇ ತಡ, ನಿನ್ನ ಅವ್ವನನ್ನು ಕಾಡಿ ಬೇಡಿ ಒಪ್ಪಿಸಿ, ಜೊತೆಗೇ ಕರೆತಂದಿದ್ದೆ. ಆ ತಾಯಿ ನನ್ನ ಪಡಸಾಲೆಯಲ್ಲಿ ಕೂತು ಹೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ.

"ಬಣ್ಣ ಹಚ್ಚಂಗಿಲ್ಲ, ಮುಖ ಕಾಣಂಗಿಲ್ಲ ಅಂತಾಳೆ, ಅದ್ಕೇ ಹೂಂ ಅಂದೀನಿ. ಒಂದು ಸಲ ಹೋಗಿ ಬರ್ಲಿ ಮೇಷ್ಟ್ರೇ. ಆದ್ರೆ ಆತು. ಆಗ್ಲಿಲ್ಲ ಅಂದ್ರೆ ಆ ಮಾತು ಅಲ್ಲಿಗೇ ಬಿಡ್ಬೇಕು. ನೀವೇ ಬುದ್ಧಿ ಹೇಳ್ರಿ."

ಒಂದು ಸಲ. ನಿನಗಿದ್ದದ್ದು ಅಷ್ಟೇ.

ಓದು ಎಂದು ನಾಟಕದ ಒಂದು ಮಾತು ಬರೆದ ಹಾಳೆ ಕೊಟ್ಟೆ. ಜ್ವರದಲ್ಲಿ ಮಲಗಿದ ಮಗನ ತಲೆದೆಸೆಯಲ್ಲಿ ಕೂತ ತಾಯಿಯ ಮಾತು, ನಾನೇ ಬರೆದದ್ದು. "ನಿದ್ದೆ ಬಂತೇ ಮಗನೇ?" ಎಂದು ಶುರು. ನೀನು ಅದನ್ನು ಹೇಳಿದೆ — ಮೆಲ್ಲಗೆ, ಹಣೆಯ ಮೇಲೆ ಕೈಯಿಟ್ಟು ಹೇಳುವ ಹಾಗೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ಗಾಜಿನ ಆಚೆಯ ಆ ಹುಡುಗ ಹೇಳಿದ್ದು ಇದನ್ನೇ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಇದೇ, ಇದೇ. ಇವಳಿಗೆ ನಾನು ಕಲಿಸುವುದು ಏನೂ ಇಲ್ಲ, ನಾಳೆಯೇ ಕಳಿಸಿದರೆ ಗೆದ್ದು ಬರುತ್ತಾಳೆ —

ಆದರೆ ಹಾಗೆಂದರೆ ನಾನು ಯಾರು? ನನ್ನ ಸೂಳೆಕೆರೆ ಏನಾಗಬೇಕು, ಟವೆಲ್ಲು ಏನಾಗಬೇಕು? ನಿನ್ನ ದನಿ ಸರಿಯಾದರೆ ನನ್ನದು ಸುಳ್ಳಾಗುತ್ತಿತ್ತು. ಅದನ್ನು ತಾಳಲು ನನ್ನಿಂದ ಆಗಲಿಲ್ಲ. "ದನಿ ಬಾಳ ಸಣ್ಣದು ಕಣವ್ವ. ಹಿಗ್ಗಿಸಬೇಕು" ಎಂದೆ.

ಎಷ್ಟು ಶ್ರದ್ಧೆಯಿಂದ ಕಲಿತೆ ನೀನು! ಶಾಲೆ ಬಿಟ್ಟ ಕೂಡಲೇ ಏರಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಿದ್ದೆ. ಮೊದಮೊದಲು ತಮಾಷೆ ಮಾಡುತ್ತಿದ್ದೆ. "ಅಲ್ರೀ ಮೇಷ್ಟ್ರೇ, ಮಲಗಿರೋ ಮಗನ್ನ ಹಿಂಗೆ ಕೂಗಿದ್ರೆ ಎದ್ದು ಓಡಿ ಹೋಗ್ತಾನಲ್ರೀ!" ಎಂದು ನಗುತ್ತಿದ್ದೆ. ಮೀನಿನವರೂ ನಗುತ್ತಿದ್ದರು. ನಾನು ಮಾತ್ರ ಮುಖ ಗಂಟು ಹಾಕಿ, "ಹೋದ ತಿಂಗ್ಳು ತಾನೇ ಹೋಗಿ ನೋಡ್ಕೊಂಡು ಬಂದೀನಿ, ಈಗ ಹಿಂಗೇ ಕೇಳೋದು" ಎಂದೆ. ನೀನು ನಗು ನಿಲ್ಲಿಸಿದೆ. ಗುರು ಹೇಳಿದ ಮೇಲೆ ಮುಗಿಯಿತು ನಿನಗೆ. ಗಂಟಲು ಕಟ್ಟಿತು, ಮೆಣಸಿನ ಕಷಾಯ ಕುಡಿದು ಬಂದೆ. ಮತ್ತೆ ಕಟ್ಟಿತು, ಮತ್ತೆ ಬಂದೆ. "ನಿದ್ದೆ ಬಂತೇ ಮಗನೇ" ಎಂಬ ಮಾತು ಏರಿ ದಾಟಿ ನನ್ನ ಕಿವಿಗೆ ಬಡಿದ ದಿನ ನಾನು ಟವೆಲ್ಲು ಎತ್ತಿದೆ. ನೀನು ಸಣ್ಣ ಹುಡುಗಿಯ ಹಾಗೆ ಏರಿಯುದ್ದಕ್ಕೂ ಓಡಿ ಬಂದು ನನ್ನ ಕಾಲು ಮುಟ್ಟಿದೆ. ಆಗಲಾದರೂ ಹೇಳಬಹುದಿತ್ತು. ಧ್ವನಿಪರೀಕ್ಷೆಗೆ ಇನ್ನೂ ಒಂದು ವಾರವಿತ್ತು.

ಹೋಗಿ ಬಂದ ಮಾರನೆಯ ದಿನ ನೀನು ನಮ್ಮ ಮನೆಗೆ ಬಂದೆ. ಅಳುತ್ತಿರಲಿಲ್ಲ. ಮಣೆಯ ಮೇಲೆ ಕೂತು, ನಡೆದದ್ದನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಅಲ್ಲಿನ ಹೆಂಗಸೊಬ್ಬರು ಅರ್ಧಕ್ಕೇ ನಿಲ್ಲಿಸಿ, "ತಂಗೀ, ಇಲ್ಲಿ ಯಾರೂ ದೂರ ಕೂತಿಲ್ಲ" ಎಂದರಂತೆ. ಬೇರೆ ರೀತಿ ಹೇಳಿ ನೋಡು ಎಂದರಂತೆ. ಆದರೆ ಅಷ್ಟು ಹೊತ್ತಿಗೆ ಬೇರೆ ರೀತಿ ನಿನಗೆ ಮರೆತೇ ಹೋಗಿತ್ತು. ಹೇಳಿ ಮುಗಿಸಿ, ತಲೆಯೆತ್ತಿ ಕೇಳಿದೆ:

"ಅಲ್ಲಿ ಈಗ ಹಂಗೆ ಕೇಳ್ತಾರೆ ಅಂತ ನಿಮ್ಗೆ ಗೊತ್ತಿರ್ಲಿಲ್ಲೇನ್ರೀ ಮೇಷ್ಟ್ರೇ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬಹುಶಃ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ... ಇಲ್ಲ, ಇದು ನೆಪ. ಬಿಡು. ನಾನು ಹೇಳಿದ್ದು ಇಷ್ಟು:

"ಅವ್ರು ಬಾಯಿ ಮಾತಿಗೆ ಹಂಗಂತಾರೆ. ನಿನ್ನ ದನೀನೇ ಸಣ್ಣದು ಕಣವ್ವ. ಎಷ್ಟು ತಿದ್ದಿದ್ರೂ ಅಷ್ಟೇ. ಮೈಕಿಗೆ ಒಗ್ಗಲ್ಲ."

ನೀನು, "ನಿಮ್ಗೆ ಬಾಳ ತ್ರಾಸು ಕೊಟ್ಟೆ" ಎಂದು ಎದ್ದೆ. ನನ್ನ ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದೆ. ಮುಂದೆ ಮತ್ತೆ ಧ್ವನಿಪರೀಕ್ಷೆ ನಡೆದಾಗ ನೀನು ಹೋಗಲಿಲ್ಲ. ನಿನಗೆ ಜಗಳೂರಿಗೆ ವರ್ಗವಾಯಿತೆಂದು ಕೇಳಿದೆ. ನಿಜ ಹೇಳಲೇ? ಹಗುರವಾಯಿತು ನನಗೆ. ಇನ್ನು ಏರಿಯ ಮೇಲೆ ನೀನು ಎದುರಾಗುವುದಿಲ್ಲವಲ್ಲ ಎಂದು.

ಹೋದ ತಿಂಗಳು ಜಗಳೂರಿನ ಹುಡುಗರು ಇನ್ನೂ ನನ್ನನ್ನು ಮೇಷ್ಟ್ರು ಎಂದುಕೊಂಡು ನಾಟಕ ಕಲಿಸಲು ಕರೆಸಿದ್ದರು. ಈಗ ಎಲ್ಲ ಕಡೆ ಮೈಕು. ನಾನು ಕಲಿಸಿದ ಹಾಗೆ ಕೂಗಿದರೆ ಅದು ಕೀರಲಾಗಿ ಕಿರುಚುತ್ತದೆ, ಮೈಕಿನವನು ಓಡಿ ಬರುತ್ತಾನೆ. ಬೇಸರವಾಗಿ ಬೆಳಗ್ಗೆ ಸುಮ್ಮನೆ ತಿರುಗಾಡಲು ಹೊರಟವನು ನಿನ್ನ ಶಾಲೆಯ ಕಿಟಕಿಯ ಬಳಿ ನಿಂತೆ. ಒಳಗೆ ನೀನು ಮಕ್ಕಳಿಗೆ ಕಥೆ ಹೇಳುತ್ತಿದ್ದೆ. ಅದೇ ದನಿ, ಹಾಲಮ್ಮ! ನನ್ನ ಪಡಸಾಲೆಯಲ್ಲಿ ಮೊದಲ ದಿನ ಕೇಳಿದ್ದು. ಎಲ್ಲೂ ಹೋಗಿರಲಿಲ್ಲ. ಅಷ್ಟೊಂದು ಪುಟಾಣಿಗಳು ಬಾಯಿ ತೆರೆದುಕೊಂಡು, ಒಬ್ಬರ ಮೇಲೊಬ್ಬರು ವಾಲಿಕೊಂಡು ಕೂತಿದ್ದವು. ಕಿಟಕಿಯ ಕಂಬಿ ಹಿಡಿದುಕೊಂಡು ನಾನೂ ಆ ಮಕ್ಕಳ ಹಾಗೆಯೇ ಕೇಳಿದೆ. ಕಣ್ಣು ತುಂಬಿ ಬಂತು.

ನೀನು ತಿರುಗಿ ನನ್ನನ್ನು ಕಂಡೆ. ಮುಖ ಅರಳಿತು. ಎದ್ದು ನೆಟ್ಟಗೆ ನಿಂತೆ, ಸೆರಗು ಸಿಕ್ಕಿಸಿದೆ — ಉಳಿದ ಕಥೆಯನ್ನು ನಾನು ಕಲಿಸಿದ ದನಿಯಲ್ಲಿ ಹೇಳತೊಡಗಿದೆ. ಹೊಟ್ಟೆಯಿಂದ, ಎದೆಯಿಂದ, ಏರಿಯ ಆ ತುದಿಗೆ. ಮಕ್ಕಳು ಬೆಚ್ಚಿದವು. ಮುಂದೆ ಕೂತಿದ್ದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ನೀನು ಅದನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದೆ. ಮುಗಿಸಿ ಹೊರಗೆ ಬಂದು, "ಮರ್ತಿಲ್ಲ ನೋಡ್ರಿ ಮೇಷ್ಟ್ರೇ" ಎಂದೆ.

"ಭೇಷ್" ಎಂದೆ ನಾನು. ಇಷ್ಟು ವರ್ಷದ ಮೇಲೂ, ಹೇಳಬೇಕಾದದ್ದು ಗಂಟಲಿಗೆ ಬಂದು, ಬಾಯಿಂದ ಬಿದ್ದದ್ದು ಇದು.

ಬೀಳ್ಕೊಡಲು ಬಂದ ನಿಮ್ಮ ಹೆಡ್‌ಮಾಸ್ತರು ಗೇಟಿನ ಬಳಿ ನಗುತ್ತ ಹೇಳಿದರು: "ನಿಮ್ಮ ಶಿಷ್ಯೆ ಬಾಳ ಸಂಕೋಚದವ್ರು ಕಣ್ರೀ. ಪ್ರಾರ್ಥನೆ ಹೊತ್ತಿಗೆ ಪೇಪರ್ ಓದ್ರಿ ಅಂದ್ರೂ ಓದಲ್ಲ. ನನ್ನ ದನಿ ಸಣ್ಣದು ಸಾರ್, ದೊಡ್ಡೋರೇ ಹೇಳ್ಯಾರೆ ಅಂತಾರೆ." ಬಸ್ಸಿನಲ್ಲಿ ಕೂತು ಊರು ತಲುಪುವವರೆಗೂ ನನಗೆ ಬೇರೇನೂ ಕೇಳಿಸಲಿಲ್ಲ.

ಜಗಳೂರಿನ ಹುಡುಗರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ. ಹೊನ್ನಾಳಿಯಿಂದ ಮೊನ್ನೆ ಒಬ್ಬ ರೇಡಿಯೋಕ್ಕೆ ತಯಾರು ಮಾಡಿ ಎಂದು ಬಂದಿದ್ದ. "ಈಗ ಅಲ್ಲಿ ಹೆಂಗೆ ಕೇಳ್ತಾರೆ ನಂಗೆ ಗೊತ್ತಿಲ್ಲಪ್ಪ. ಗೊತ್ತಿರೋರ ಹತ್ರ ಹೋಗು" ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕ. ಈ ಮಾತನ್ನು ಎಷ್ಟೋ ವರ್ಷ ಮೊದಲು, ನಿನ್ನ ಅವ್ವ ಪಡಸಾಲೆಯಲ್ಲಿ ಕೂತಿದ್ದಾಗ ಹೇಳಬೇಕಿತ್ತು. ಆ ತಾಯಿ ಈಗಿಲ್ಲ. ಅವಳಿಗೆ ಹೇಳುವುದು ಇನ್ನು ಆಗದ ಕೆಲಸ.

ರೇಡಿಯೋದವರು ಮತ್ತೆ ದನಿ ಕೇಳುತ್ತಿದ್ದಾರಂತೆ. ಹೋಗು ಎನ್ನಲು ನನಗೆ ಮುಖವಿಲ್ಲ; ಹೋಗುವುದು ಬಿಡುವುದು ನಿನ್ನಿಷ್ಟ. ನನ್ನನ್ನು ಮೇಷ್ಟ್ರೇ ಎಂದು ಕರೆಯುವುದೂ ನಿನ್ನಿಷ್ಟ. ನಾನು ಕೇಳಿಕೊಳ್ಳುವುದು ಒಂದೇ — ನನ್ನ ದನಿ ಸಣ್ಣದು ಎಂದು ಇನ್ನು ಯಾರ ಮುಂದೆಯೂ ಹೇಳಬೇಡ, ಹಾಲಮ್ಮ. ನಿನ್ನ ದನಿ ಎಂದೂ ಸಣ್ಣದಾಗಿರಲಿಲ್ಲ. ನಾನು ನಿನ್ನಿಂದ ದೂರ ಹೋಗಿ ನಿಂತಿದ್ದೆ, ಅಷ್ಟೆ.